ಎರಡನೇ ರಿಮೋಟಿನ ಗೋಣೆಪ್ಪ

ನಮ್ಮ ಮನೆಯಲ್ಲಿ ಒಗ್ಗರಣೆಯ ವಾಸನೆಗಿಂತ ಮೊದಲು ಮೂಗಿಗೆ ಬಡಿಯುತ್ತಿದ್ದುದು ವಾರ್ನಿಷ್. ಸಿಂಧನೂರಿನ ದೊಡ್ಡ ರಸ್ತೆಗೆ ಮುಖ ಮಾಡಿದ ಮುಂದಿನ ಖೋಲಿ ಅಂಗಡಿ, ಓಣಿಯ ಕಡೆಗಿದ್ದ ಹಿಂದಿನ ಮೂರು ಖೋಲಿ ಮನೆ, ಇವೆರಡರ ನಡುವೆ ಕಿಟಕಿಯೇ ಇಲ್ಲದ ಒಂದು ಕತ್ತಲ ಖೋಲಿ ಅಪ್ಪನದು. ಹೊಲಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಒಮ್ಮೊಮ್ಮೆ ಸೈಕಲ್ಲಿನ ಹಿಂದೆ ಹಗ್ಗ ಬಿಗಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದವು. ಮುಂದಿನ ಖೋಲಿಯಲ್ಲಿ ಬಿಳಿ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂಡುತ್ತಿದ್ದವನು ನಮ್ಮ ದೊಡ್ಡಪ್ಪ ಅಮರಪ್ಪ. ರೈತರ ಸುಖದುಃಖ ವಿಚಾರಿಸಿ, ಚಹಾ ತರಿಸಿ, "ಸಂಜೀಕ ಬರ್ರಿ, ಸಿದ್ಧ ಇರ್ತದ" ಎಂದು ಮಾತು ಕೊಡುವುದು ಅವನ ಕೆಲಸ. ಆ ಮಾತನ್ನು ಉಳಿಸುವುದು ಕತ್ತಲ ಖೋಲಿಯಲ್ಲಿದ್ದ ಅಪ್ಪನ ಕೆಲಸ. ಸುಟ್ಟ ತಂತಿಯನ್ನು ಕಿತ್ತು ತೆಗೆದು, ತಂತಿ ಕೂಡುವ ಒಳಗಿನ ಸಂದುಗಳನ್ನು, ಅಂದರೆ ಗಾಳೆಗಳನ್ನು, ಒರೆಸಿ, ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತಿ, ಒಂದೊಂದೇ ಸುರುಳಿಯನ್ನು ಗಾಳೆಯಲ್ಲಿ ಕೂಡಿಸಿ ಅವನು ಮೋಟಾರ್ ಕಟ್ಟುತ್ತಿದ್ದ. ಅಂಗಡಿಯ ಬೋರ್ಡಿನ ಮೇಲೆ ದೊಡ್ಡಪ್ಪನ ಹೆಸರಿತ್ತು. ಗೊರೇಬಾಳದ ರೈತರಿಗೂ, ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದ ಬಂಗಾಳಿ ರೈತರಿಗೂ ನಮ್ಮಪ್ಪ ಬರೀ ಅಮರಪ್ಪನ ತಮ್ಮ. ಶರಣಪ್ಪ ಎಂಬ ಹೆಸರು ಬಳಕೆಯಲ್ಲಿ ಇದ್ದದ್ದು ರೇಷನ್ ಕಾರ್ಡಿನಲ್ಲಿ ಮತ್ತು ಅಜ್ಜಿಯ, ದೊಡ್ಡಪ್ಪನ ಬಾಯಲ್ಲಿ ಮಾತ್ರ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅಪ್ಪನಿಗೆ ಅದು ದೂರು ಅನ್ನಿಸಿದ್ದನ್ನು ನಾನು ಕಂಡಿಲ್ಲ. ದೂರು ಇದ್ದದ್ದು ಅವ್ವನಿಗೆ. ಒಂದೇ ಅಡುಗೆಮನೆ, ದೊಡ್ಡವ್ವ ಒಲೆಯ ಮುಂದೆ ಕೂತು ಪಲ್ಯಕ್ಕೆ ಉಪ್ಪು ಹಾಕುವವಳು, ಅವ್ವ ಮೂಲೆಯಲ್ಲಿ ರೊಟ್ಟಿ ಬಡಿಯುವವಳು. ಅವ್ವನ ಸಿಟ್ಟಿನ ಅಳತೆ ನಮಗೆಲ್ಲ ರೊಟ್ಟಿಯ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಸಪ್ಪಳ ಜೋರಾದ ದಿನ ರೊಟ್ಟಿ ಬಲು ತೆಳುವಾಗಿ ಬರುತ್ತಿದ್ದವು. ಅಜ್ಜಿ ಅದನ್ನು ಬಾಯಿಗಿಟ್ಟು, "ಇವತ್ತು ಸೊಸಿ ಕೆರಳ್ಯಾಳ, ರೊಟ್ಟಿ ಛಲೋ ಆಗ್ಯಾವ" ಎನ್ನುತ್ತಿದ್ದಳು.

ಈ ಮನೆಗೆ ಗೋಣೆಪ್ಪ ಬಂದದ್ದು ಮಸ್ಕಿಯಿಂದ. ಮಸ್ಕಿ ಅವ್ವನ ತವರು. ಅಲ್ಲಿಯ ನಮ್ಮ ಸೋದರಮಾವ ಅಕ್ಕಿ ಲಾರಿಯ ಡ್ರೈವರ್. ಹೈದರಾಬಾದಿಗೆ ಹೋಗಿ ಬರುವಾಗಲೆಲ್ಲ ಏನಾದರೂ ಹೊಸದನ್ನು ಹಿಡಿದು ಬರುತ್ತಿದ್ದ. ನಾನು ಐದನೇ ಇಯತ್ತೆಯಲ್ಲಿದ್ದಾಗ ಒಂದು ರಟ್ಟಿನ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟ. ಅದರಲ್ಲಿ ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು, ವೈರಿನ ಎರಡು ರಿಮೋಟು ಇದ್ದವು. ದೊಡ್ಡಪ್ಪನ ಮಗ ವೀರೇಶಣ್ಣ ನನಗಿಂತ ಎರಡು ವರ್ಷ ದೊಡ್ಡವನು. ನಾನು ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದಂತೆಯೇ ಅವನು ವೈರು ಸಿಕ್ಕಿಸಿ, ಮೊದಲನೇ ರಿಮೋಟು ಕೈಗೆತ್ತಿಕೊಂಡು, ಚಾಪೆಯ ನಟ್ಟನಡುವೆ ಕೂತುಬಿಟ್ಟಿದ್ದ. ಎರಡನೆಯದು ನನಗೆ ಉಳಿಯಿತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

"ರತ್ನಿ, ಅದನ್ನ ತಂದವರು ಯಾರು?"

"ಮಾವ."

"ಯಾರಿಗೆ ತಂದಾನ?"

"ನನಗ."

"ಮತ್ತ ಎರಡನೇದು ಹಿಡ್ಕೊಂಡು ಕುಂತೀಯಲ್ಲ! ಅಪ್ಪನ ಮಗಳು ಅಂತ ಊರಿಗೆಲ್ಲ ತೋರಿಸಾಕತ್ತೀಯೇನು?"

ನನಗೆ ಅಳು ಬಂತು. ಆದರೆ ಅಷ್ಟರಲ್ಲಿ ಟಿವಿಯಲ್ಲಿ ಆಟ ಶುರುವಾಗಿ, ರುಮಾಲು ಸುತ್ತಿ ಕತ್ತಿ ಹಿಡಿದ ಒಬ್ಬ ವೀರ ಓಡತೊಡಗಿದ್ದ. ಅವನ ಹಿಂದೆ, ಪರದೆಯ ಅಂಚಿನಿಂದ, ಬೆನ್ನ ಮೇಲೆ ದೊಡ್ಡ ಗೋಣಿಚೀಲ ಹೊತ್ತ ಒಬ್ಬ ಗಿಡ್ಡ ಮನುಷ್ಯ ತುಸು ತೊನೆಯುತ್ತ ನಡೆದುಬಂದ. ನನ್ನ ಹೆಬ್ಬೆರಳು ಒತ್ತಿದರೆ ಅವನು ನಡೆಯುತ್ತಿದ್ದ, ಬಿಟ್ಟರೆ ನಿಲ್ಲುತ್ತಿದ್ದ. ನಾನು ಅಳುವುದನ್ನು ಮರೆತೆ. ಮಂಚದ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರಬೇ ಅವ, ಚೀಲ ಹೊತ್ಗೊಂಡು ಹಿಂದ ಬರಾಕತ್ತಾನ?"

"ಅವ ನಾನ ಅಜ್ಜಿ."

"ಹೆಸರೇನು ಅವಂದು?"

"ಗೊತ್ತಿಲ್ಲ. ಡಬ್ಬಿ ಮ್ಯಾಲೆ ಬರ್ದದ್ದು ಯಾರಿಗೂ ಓದಾಕ ಬರೂದಿಲ್ಲ."

"ಗೋಣಿ ಹೊತ್ತಾನ, ಗೋಣೆಪ್ಪ ಅನ್ರಿ. ಹೆಸರಿಲ್ಲದ ಯಾಕ ಇರಬೇಕು ಪಾಪ."

ಅವತ್ತಿನಿಂದ ಅವನು ಗೋಣೆಪ್ಪ. ಓಣಿಯ ಮಕ್ಕಳೆಲ್ಲ ಹಾಗೇ ಕರೆದರು. ಕತ್ತಿಯವನಿಗೆ ವೀರೇಶಣ್ಣ ತನ್ನದೇ ಹೆಸರಿನ ಅರ್ಧ ಕೊಟ್ಟು 'ವೀರ' ಎಂದ. ವೀರನಿಗೆ ಮೂರು ಜೀವ. ಪರದೆಯ ಮೇಲ್ತುದಿಯಲ್ಲಿ ಮೂರು ಪುಟ್ಟ ತಲೆಗಳಾಗಿ ಕಾಣುತ್ತಿದ್ದವು. ಗೋಣೆಪ್ಪನಿಗೆ ಅಂಥ ಲೆಕ್ಕವೇ ಇರಲಿಲ್ಲ. ರಾಕ್ಷಸ ಹೊಡೆದರೆ ಅವನು ಬೀಳುತ್ತಿದ್ದ, ಚೀಲದ ಸಾಮಾನು ಚೆಲ್ಲುತ್ತಿತ್ತು. ಅವನು ಎದ್ದು ಕೂತು ಒಂದೊಂದನ್ನೇ ಆರಿಸಿ ತುಂಬಿಕೊಂಡು ಮತ್ತೆ ನಡೆಯುತ್ತಿದ್ದ. ಅವನ ಕೈಯಲ್ಲಿ ಆಯುಧವಿಲ್ಲ. ಎತ್ತರದ ಗೋಡೆ ಬಂದರೆ ಚೀಲ ಇಳಿಸಿ ಬಾಗುತ್ತಿದ್ದ, ವೀರ ಅವನ ಬೆನ್ನ ಮೇಲೆ ಕಾಲಿಟ್ಟು ಹತ್ತುತ್ತಿದ್ದ. ಕತ್ತಲ ಗುಹೆ ಬಂದರೆ ಚೀಲದಿಂದ ದೀಪ ತೆಗೆಯುತ್ತಿದ್ದ. ವೀರ ದಣಿದರೆ ದುಂಡಗಿನ ಏನನ್ನೋ ತೆಗೆದು ಕೊಡುತ್ತಿದ್ದ. ಅದನ್ನು ನಾವು ರೊಟ್ಟಿ ಎನ್ನುತ್ತಿದ್ದೆವು. ಅವನು ಮಾತ್ರ ಎಂದೂ ತಿನ್ನುತ್ತಿರಲಿಲ್ಲ. ನಮ್ಮದು ಕಪ್ಪು-ಬಿಳಿ ಟಿವಿ, ಹೀಗಾಗಿ ಅವನ ಅಂಗಿಯ ಬಣ್ಣ ಬಹಳ ದಿನ ನನಗೆ ಗೊತ್ತಿರಲಿಲ್ಲ. ಬೇಸಿಗೆ ರಜೆಗೆ ಮಸ್ಕಿಗೆ ಹೋದಾಗ, ಬಣ್ಣದ ಟಿವಿ ಇದ್ದ ಮಾವನ ನೆರೆಮನೆಯವರನ್ನು ಕಾಡಿಬೇಡಿ ಹಚ್ಚಿ ನೋಡಿದೆ. ಹಳದಿ, ಒಣಗಿದ ಭತ್ತದ ಹುಲ್ಲಿನ ಹಳದಿ. ಅವ್ವನಿಗೆ ಹೇಳಿ ಅದೇ ಬಣ್ಣದ ಫ್ರಾಕು ಹೊಲಿಸಿಕೊಂಡೆ.

ನಾನು ಈ ಎರಡನೇ ರಿಮೋಟನ್ನು ಬೇರೆ ದಾರಿಯಿಲ್ಲದೆ ಹಿಡಿದೆ ಎಂದು ಅವ್ವ ಕೊನೆಯವರೆಗೂ ನಂಬಿದ್ದಳು. ಮೊದಲ ವಾರ ಅದು ನಿಜ. ಆಮೇಲಿನದು ನಿಜವಲ್ಲ. ಒಂದು ಮಧ್ಯಾಹ್ನ ವೀರೇಶಣ್ಣ ಜ್ವರ ಬಂದು ಮಲಗಿದ್ದಾಗ ನಾನು ಮೊದಲನೇ ರಿಮೋಟು ಹಿಡಿದು ಕತ್ತಿಯವನನ್ನು ಆಡಿಸಿದೆ. ಓಡು, ಹಾರು, ಕಡಿ, ಇನ್ನೇನೂ ಇರಲಿಲ್ಲ. ಅರ್ಧ ತಾಸಿಗೇ ಬೇಸರ ಬಂತು. ಗೋಣೆಪ್ಪನ ಕೆಲಸ ಅದಕ್ಕಿಂತ ಕಷ್ಟದ್ದು. ಮುಂದಿನವನು ಯಾವಾಗ ಬೀಳುತ್ತಾನೆ ಎಂಬುದು ಅವನು ಬೀಳುವ ಮೊದಲೇ ನನಗೆ ತಿಳಿಯಬೇಕು. ಹಗ್ಗ ಯಾವಾಗ, ದೀಪ ಯಾವಾಗ, ಬಾಗಿ ನಿಲ್ಲುವುದು ಯಾವಾಗ. ಒಂದು ಚಿಟಿಕೆಯಷ್ಟು ತಡವಾದರೆ ಇಬ್ಬರ ಆಟವೂ ಮುಗಿದಂತೆ. ವೀರೇಶಣ್ಣನ ಭುಜ ಮೇಲೆದ್ದರೆ ಅವನು ಹಾರುತ್ತಾನೆ, ನಾಲಿಗೆ ಕಚ್ಚಿದರೆ ಹೆದರಿದ್ದಾನೆ ಎಂದು ನಾನು ಪರದೆ ನೋಡದೆಯೇ ಹೇಳಬಲ್ಲವಳಾಗಿದ್ದೆ. ಓಣಿಯಲ್ಲಿ ವೀರನನ್ನು ಆಡಿಸುವವರು ಹತ್ತು ಜನ ಇದ್ದರು. ಗೋಣೆಪ್ಪನನ್ನು ಆಡಿಸಲು ನನ್ನನ್ನೇ ಕರೆಯಬೇಕಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದೆ ಎಂದು ತೋರಿಸಿಕೊಳ್ಳಲೂ ನಾನು ಹಿಂಜರಿಯುತ್ತಿರಲಿಲ್ಲ.

ಮರುವರ್ಷ ಮಾವ ಎರಡನೇ ಕ್ಯಾಸೆಟ್ಟು ತಂದ. ಅದೇ ವೀರ, ಬೇರೆ ದೇಶ, ರುಮಾಲಿನ ಬದಲು ಲೋಹದ ಟೊಪ್ಪಿಗೆ. ಆಟ ಶುರುವಾದಾಗ ಎಲ್ಲರೂ ಟೊಪ್ಪಿಗೆ ನೋಡುತ್ತಿದ್ದರೆ ನಾನು ಪರದೆಯ ಅಂಚನ್ನೇ ನೋಡುತ್ತ ಉಸಿರು ಹಿಡಿದು ಕೂತಿದ್ದೆ. ಗೋಣೆಪ್ಪ ಬಂದ; ಅದೇ ಅಂಗಿ, ಅದೇ ಚೀಲ, ಚೀಲಕ್ಕೊಂದು ತೇಪೆ. ಅಜ್ಜಿ ಮಂಚದಿಂದಲೇ, "ಬಂದ್ಯಾ ತಮ್ಮಾ, ಬಾ" ಎಂದಳು. ಆ ದಿನ ಕರೆಂಟಿನ ವೋಲ್ಟೇಜು ಇಲ್ಲದೆ ಕೆಲಸ ನಿಂತು ಅಪ್ಪನೂ ಬಾಗಿಲಿಗೆ ಬಂದು ಒರಗಿದ್ದ. ಬೆರಳುಗಳಲ್ಲಿ ವಾರ್ನಿಷಿನ ಕಂದು. ಬಹಳ ಹೊತ್ತು ನೋಡಿದ. ಅವ್ವ ಹಿಂದಿನಿಂದ ಕುಟುಕಿದಳು.

"ನೋಡ್ರಿ, ನಿಮ್ಮಂಥವ ಒಬ್ಬ ಟಿವಿಯಾಗೂ ಅದಾನ. ಜಲ್ಮಿಡೀ ಹಿಂದ."

ಅಪ್ಪ ಸಿಟ್ಟಾಗಲಿಲ್ಲ. ಅವನು ಮಾತಾಡುವುದೇ ಕಡಿಮೆ. ಆಡಿದರೆ ಸುತ್ತು ಎಣಿಸಿದ ಹಾಗೆ, ಒಂದೊಂದೇ.

"ಹಿಂದ ಇರೋದು ಬ್ಯಾರೆ, ಹಿಂದ ಬೀಳೋದು ಬ್ಯಾರೆ" ಎಂದ. "ಅವ ಎಲ್ಲ್ಯಾರ ಹಿಂದ ಬಿದ್ದಾನೇನು ನೋಡು. ಇಲ್ಲ."

ಅವ್ವ ಒಳಗೆ ಹೋದಳು. ರೊಟ್ಟಿಯ ಸಪ್ಪಳ ಮತ್ತೆ ಜೋರಾಯಿತು.

ನನಗೆ ಹದಿಮೂರು ತುಂಬಿದ ವರ್ಷ ದೊಡ್ಡಪ್ಪ ಲಿಂಗಸೂಗೂರಿನಲ್ಲಿ ಹೊಸ ಅಂಗಡಿ ತೆರೆಯುವುದಾಗಿ ಹೇಳಿದ. ಸುಟ್ಟ ಮೋಟಾರು ಕಟ್ಟುವುದಲ್ಲ, ಹೊಸ ಮೋಟಾರು ಮಾರುವುದು. ಊಟಕ್ಕೆ ಕೂತಾಗ ಈ ಮಾತು ಬಂತು. ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಪಾಲುದಾರ ದೊಡ್ಡವ್ವನ ತಮ್ಮ. ಅವನು ಸೂಟ್‌ಕೇಸು ಹಿಡಿದು ಓಡಾಡುವ, ನಾಲ್ಕು ಭಾಷೆ ಬಲ್ಲ ಚುರುಕು ಮನುಷ್ಯ.

"ಇನ್ನ ಮ್ಯಾಲೆ ವೈಂಡಿಂಗ್ ಯಾರು ಮಾಡಸ್ತಾರ?" ಎಂದ ದೊಡ್ಡಪ್ಪ. "ಸುಟ್ಟಿದ್ದು ಬಿಸಾಕಿ ಹೊಸಾದು ಒಯ್ತಾರ. ಶರಣಾ, ನೀನೂ ಬಂದುಬಿಡು. ನನ್ನ ಅಳಿಯನ ಕೈಯಾಗ ಫಿಟ್ಟರ್ ಕೆಲಸಕ್ಕ ಒಬ್ಬ ಬೇಕು."

ನಮ್ಮ ಕಡೆ ಹೆಂಡತಿಯ ತಮ್ಮನನ್ನು ಅಳಿಯ ಅನ್ನುವುದುಂಟು. ಆ ಅಳಿಯನ ಕೈಕೆಳಗೆ, ಇಪ್ಪತ್ತು ವರ್ಷ ಜೊತೆಗೆ ದುಡಿದ ತಮ್ಮ. ಅವ್ವನ ಕೈಯಲ್ಲಿದ್ದ ಹಿಂಡಿಯ ಬಟ್ಟಲು ನಡುದಾರಿಯಲ್ಲೇ ನಿಂತಿತು. ಅಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಿ, ನೀರು ಕುಡಿದು ಹೇಳಿದ:

"ಇಲ್ಲಣ್ಣ. ನಾ ಬರೂದಿಲ್ಲ. ಈ ಅಂಗಡಿ ನಡಸ್ಕೊಂಡು ಇಲ್ಲೇ ಇರ್ತೀನಿ."

ಅಪ್ಪ ಅಣ್ಣನಿಗೆ 'ಇಲ್ಲ' ಅಂದದ್ದನ್ನು ಆ ಮನೆಯ ಗೋಡೆಗಳು ಕೂಡ ಮೊದಲ ಸಲ ಕೇಳಿದವು. ವಾರದಲ್ಲಿ ದೊಡ್ಡಪ್ಪ ಬೋರ್ಡು ಇಳಿಸಿ ಲಿಂಗಸೂಗೂರಿಗೆ ಒಯ್ದ. ಗೋಡೆಯ ಮೇಲೆ ಬೋರ್ಡಿನಷ್ಟಗಲದ ಬಿಳಿ ಜಾಗ ಉಳಿಯಿತು. ಶಾಲೆ ಇದ್ದದ್ದರಿಂದ ದೊಡ್ಡವ್ವ, ವೀರೇಶಣ್ಣ ನಮ್ಮ ಜೊತೆಗೇ ಉಳಿದರು. ದೊಡ್ಡಪ್ಪ ವಾರಕ್ಕೊಮ್ಮೆ ಬಸ್ಸಿಗೆ ಬಂದು ಹೋಗುತ್ತಿದ್ದ. ಅಡುಗೆಮನೆಯಲ್ಲಿ ಈಗ ಎರಡು ಒಲೆ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತು ಅಡುಗೆ ಮಾಡುತ್ತಿದ್ದರು. ಅಜ್ಜಿ ಒಂದು ಹೊತ್ತು ಆ ಒಲೆಯದು, ಒಂದು ಹೊತ್ತು ಈ ಒಲೆಯದು ಉಂಡು, ಎರಡೂ ಕಡೆ ಉಪ್ಪು ಕಡಿಮೆ ಎಂದು ಹೇಳಿ ನ್ಯಾಯ ಕಾಪಾಡಿದಳು.

ಮೂರನೇ ಕ್ಯಾಸೆಟ್ಟು ಬಂದದ್ದು ಇದೇ ದಿನಗಳಲ್ಲಿ. ಈ ಸಲ ಆಟದ ಮೊದಲಿಗೇ ಒಂದು ಚಿತ್ರ ಬರುತ್ತಿತ್ತು: ಎಡಗಡೆ ಬಿಳಿ ಕುದುರೆ, ಬಲಗಡೆ ಗೋಣೆಪ್ಪ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವೀರೇಶಣ್ಣ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಕುದುರಿ ಸಿಗೂ ಮುಂದ ಯಾವ ಹುಚ್ಚ ಗೋಣೆಪ್ಪನ್ನ ತಗೊಂತಾನಬೇ?" ಎಂದು ಗುಂಡಿ ಒತ್ತಿದ.

ಗೋಣೆಪ್ಪ ಚೀಲ ಎತ್ತಿಕೊಂಡು ಪರದೆಯ ಆಚೆ ನಡೆದುಹೋದ. ನನ್ನ ಕೈಯಲ್ಲಿದ್ದ ರಿಮೋಟಿಗೆ ಏನೂ ಕೆಲಸವಿರಲಿಲ್ಲ. ಒತ್ತಿದರೂ ಏನೂ ಆಗಲಿಲ್ಲ. ನಾನು ರಿಮೋಟನ್ನು ಚಾಪೆಯ ಮೇಲಿಟ್ಟು ಎದ್ದು, ಅಪ್ಪನ ಕತ್ತಲ ಖೋಲಿಗೆ ಹೋಗಿ ಕೂತೆ. ಅಪ್ಪ ಒಂದು ಹಾಳೆ ಕೊಟ್ಟು, "ಈ ಅಳತಿಗೆ ಕತ್ತರಸು" ಎಂದ. ಅದು ತಂತಿಗೂ ಕಬ್ಬಿಣಕ್ಕೂ ನಡುವೆ ಗಾಳೆಯಲ್ಲಿ ಹಾಕುವ ದಪ್ಪ ಕಾಗದ. ಅದು ಸರಿಯಾಗಿ ಕೂಡದಿದ್ದರೆ ಎಷ್ಟು ಚಂದ ತಂತಿ ಸುತ್ತಿದರೂ ಮೋಟಾರು ಸುಡುತ್ತದೆ. ಅಪ್ಪನ ದಪ್ಪ ಬೆರಳುಗಳಿಗೆ ಅದನ್ನು ಒಳಗೆ ಕೂಡಿಸುವುದು ಹೊತ್ತು ಹಿಡಿಯುವ ಕೆಲಸ. ನನ್ನ ಬೆರಳು ಸಲೀಸಾಗಿ ಹೋದವು. ಶಾಲೆ ಬಿಟ್ಟ ಮೇಲೆ ಪಡಸಾಲೆಗೆ ಹೋಗುತ್ತಿದ್ದವಳು ಅಲ್ಲಿಗೆ ಹೋಗತೊಡಗಿದೆ. ಎರಡು ತಿಂಗಳಲ್ಲಿ ಸುತ್ತು ಎಣಿಸುವುದು, ಸುರುಳಿ ಇಳಿಸುವುದು, ಬಿದಿರಿನ ಪಟ್ಟಿ ಬಡಿದು ಬಿಗಿ ಮಾಡುವುದು, ದಾರ ಕಟ್ಟುವುದು ಎಲ್ಲ ಕಲಿತೆ. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ. ಇಡೀ ಸುರುಳಿ ಬಿಚ್ಚಿ ಮತ್ತೆ ಕೈಗೆ ಕೊಡುತ್ತಿದ್ದ. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಇತ್ತ ಕುದುರೆ ಏರಿದ ವೀರ ದಿನಾಲೂ ಒಂದು ಬಾವಿಯ ಹತ್ತಿರ ಸೋಲುತ್ತಿದ್ದ. ದಾರಿ ಬಾವಿಯ ತಳದಲ್ಲಿತ್ತು. ಕುದುರೆ ಬಾವಿಗೆ ಇಳಿಯುವುದಿಲ್ಲ, ಹಗ್ಗ ಬಿಡಲು ಮೇಲೆ ಯಾರೂ ಇಲ್ಲ. ಎರಡು ತಿಂಗಳು ಒದ್ದಾಡಿದ ಮೇಲೆ ವೀರೇಶಣ್ಣ ಕತ್ತಲ ಖೋಲಿಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಅವನ ಮುಖದಲ್ಲಿ ಅಪ್ಪಣೆ ಕೊಡುವ ಕಳೆ ಇರಲಿಲ್ಲ.

"ರತ್ನಿ, ಮೊದಲಿಂದ ಶುರು ಮಾಡೂಣು. ಗೋಣೆಪ್ಪನ್ನ ತಗೊಂಡು."

"ಬರ್ತೀನಿ," ಎಂದೆ. "ಆದ್ರ ನಾ ನಿಂದ್ರು ಅಂದಾಗ ನಿಂದ್ರಬೇಕು. ಬಿಟ್ಟು ಮುಂದ ಓಡಂಗಿಲ್ಲ."

"ಆತು."

"ಮತ್ತ ಹುಚ್ಚ ಅಂದಿಯಲ್ಲ..."

"ತಪ್ಪಾತಬೇ. ಬಾ ಇನ್ನ."

ಆ ಕ್ಯಾಸೆಟ್ಟನ್ನು ನಾವು ಒಂದು ಭಾನುವಾರ ಮುಂಜಾನೆ ಮುಗಿಸಿದೆವು. ಕೊನೆಯ ರಾಕ್ಷಸ ಬಿದ್ದ, ವೀರನಿಗೆ ಕಿರೀಟ ಬಂತು, ಬಾಣಬಿರುಸು ಹಾರಿದವು. ವೀರೇಶಣ್ಣ ಕುಣಿಯುತ್ತಿದ್ದ. ಮೊದಲಿನ ಎರಡು ಕ್ಯಾಸೆಟ್ಟುಗಳಲ್ಲಿ ಇಷ್ಟಕ್ಕೇ ಮುಗಿಯುತ್ತಿತ್ತು. ಗೋಣೆಪ್ಪ ಆ ಚಿತ್ರದಲ್ಲಿ ಇರುತ್ತಲೇ ಇರಲಿಲ್ಲ. ಈ ಸಲ ಅರಮನೆ ಮರೆಯಾಗಿ ಒಂದು ಗುಡ್ಡ ಬಂತು. ಗೋಣೆಪ್ಪ ಗುಡ್ಡ ಹತ್ತಿ, ಚೀಲ ಇಳಿಸಿ, ಅದರಿಂದ ಒಲೆ ತೆಗೆದ, ಗಡಿಗೆ ತೆಗೆದ, ಚಾಪೆ ತೆಗೆದು ಹಾಸಿದ. ಆಮೇಲೆ ಆ ದುಂಡಗಿನದೊಂದನ್ನು ತೆಗೆದು, ತಾನೇ ತಿಂದ. ಮೂರು ಕ್ಯಾಸೆಟ್ಟು, ನಾಲ್ಕು ವರ್ಷ, ಮೊದಲ ಸಲ. ಅಜ್ಜಿ ಹೇಳಿದಳು:

"ಉಣ್ಣಲಿ. ಬಾಳ ನಿಯತ್ತಿನವ. ನಿಯತ್ತು ಇದ್ದವಗ ಹಸಿವು ಇರೂದಿಲ್ಲೇನು?"

ಒಳಗೆ ಎರಡೂ ಒಲೆಗಳ ಸಪ್ಪಳ ಆ ಕ್ಷಣ ನಿಂತಿದ್ದು ನನಗೆ ನೆನಪಿದೆ. ಅವ್ವನೂ ದೊಡ್ಡವ್ವನೂ ಅಡುಗೆಮನೆಯ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ನಿಂತು ಟಿವಿ ನೋಡುತ್ತಿದ್ದರು.

ಲಿಂಗಸೂಗೂರಿನ ಸುದ್ದಿ ಬಂದದ್ದು ಅದಾಗಿ ತಿಂಗಳೊಳಗೆ. ದೊಡ್ಡಪ್ಪನ ಅಂಗಡಿಯಲ್ಲಿ ಮಾರಿದ ಹೊಸ ಮೋಟಾರುಗಳು ಒಂದರ ಹಿಂದೊಂದು ಸುಟ್ಟವು. ಅಳಿಯ ಎಲ್ಲಿಂದಲೋ ಅಗ್ಗದ ಮಾಲು ತಂದಿದ್ದ. ಒಳಗಿನ ತಂತಿ ಕೂದಲೆಳೆಯಷ್ಟು ತೆಳು, ನಮ್ಮ ಕಡೆಯ ವೋಲ್ಟೇಜಿಗೆ ವಾರವೂ ತಾಳಲಿಲ್ಲ. ರೈತರು ಬಂದು ಕೂಗಾಡಿದ ದಿನ ಅಳಿಯ ಶಟರ್ ಎಳೆದು ಸೂಟ್‌ಕೇಸು ಹಿಡಿದು ಊರು ಬಿಟ್ಟ. ದೊಡ್ಡಪ್ಪ ಒಬ್ಬನೇ ಉಳಿದ. ಅಲ್ಲಿ ದೊಡ್ಡಪ್ಪ ಸಿಗದಾಗ ರೈತರು ಸಿಂಧನೂರಿನ ಮನೆಗೇ ಬಂದರು. ಎಲ್ಲರಿಗಿಂತ ಮೊದಲು ಬಂದವನು ಮಸ್ಕಿ ಹಳ್ಳದ ದಂಡೆಯಲ್ಲಿ ಮೆಣಸಿನಗಿಡ ಹಚ್ಚಿದ್ದ ದುರುಗಪ್ಪ ಎಂಬ ರೈತ. ಸುಟ್ಟ ಮೋಟಾರನ್ನು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಧಡ್ ಎಂದು ಇಳಿಸಿ ಹೇಳಿದ:

"ಗಿಡ ಹೂವು ಬಿಟ್ಟಾವ. ಇನ್ನೆಂಟು ದಿನ ನೀರಿಲ್ಲಂದ್ರ ಎಲ್ಲಾ ಉದುರತಾವ. ಯಾರು ಮಾರ್ಯಾರ ಅನ್ನೋದು ನನಗ ಬ್ಯಾಡ. ನನಗ ನೀರು ಬೇಕು."

ಮರುದಿನ ಮಧ್ಯಾಹ್ನ ದೊಡ್ಡಪ್ಪ ಬಂದ. ಬಿಳಿ ಅಂಗಿಗೆ ಇಸ್ತ್ರಿ ಇರಲಿಲ್ಲ. ಅಪ್ಪ ಊಟಕ್ಕೆ ಕೂತಿದ್ದ. ದೊಡ್ಡಪ್ಪ ಅಡುಗೆಮನೆಯ ಹೊಸ್ತಿಲಲ್ಲೇ ನಿಂತ.

"ಶರಣಾ, ನನ್ನ ಇಜ್ಜತ್ ಹೋಗಾಕತ್ತದ. ಹನ್ನೊಂದು ಮೋಟಾರು. ನೀ ಒಬ್ಬನ ಉಳಸಬೇಕು."

ಅವ್ವನಿಗೆ ತಡೆಯಲಾಗಲಿಲ್ಲ. "ಇಜ್ಜತ್ ಹೋಗೂ ಮುಂದ ತಮ್ಮ ನೆನಪಾದನೇನ್ರಿ ಬಾವಾರ? ಅಂಗಡಿ ತೆರೆಯೂ ಮುಂದ ಆಗಲಿಲ್ಲ?"

ಅಪ್ಪ ಅವ್ವನನ್ನು ಸುಮ್ಮನಿರು ಅನ್ನುತ್ತಾನೆಂದು ನಾನು ಕಾದೆ. ಅವನು ಅನ್ನಲಿಲ್ಲ.

"ಆಕಿ ಅಂದದ್ರಾಗ ಸುಳ್ಳಿಲ್ಲಣ್ಣ," ಎಂದ. ಆಮೇಲೆ ಕೈ ತೊಳೆದುಕೊಂಡು ಎದ್ದು ನಿಂತು, ಅಣ್ಣನ ಮುಖ ನೋಡಿ ಹೇಳಿದ: "ಮೋಟಾರು ಕಟ್ಟಿಕೊಡ್ತೀನಿ. ರೈತರ ಬೆಳಿ ಒಣಗಾಕ ಬಿಡಂಗಿಲ್ಲ. ಆದ್ರ ಎಲ್ಲಾ ಇಲ್ಲಿಗೆ ಬರಬೇಕು. ಯಾವತ್ತು ಕೊಡ್ತೀವಿ ಅನ್ನೋ ಮಾತು ನಾ ಹೇಳ್ತೀನಿ, ನೀ ಹೇಳಂಗಿಲ್ಲ. ಮತ್ತ ಆ ರೈತರ ಮುಂದ ನೀ ಖುದ್ದು ನಿಂತು, ತಪ್ಪಾಗ್ಯದ ಅಂತ ಅನಬೇಕು."

"ಆತು" ಎಂದ ದೊಡ್ಡಪ್ಪ. ದೊಡ್ಡವ್ವ ತನ್ನ ಒಲೆಯ ಮುಂದಿನಿಂದ ಎದ್ದು, ಅಪ್ಪನ ಅರ್ಧ ಉಳಿದ ತಾಟಿಗೆ ತನ್ನ ಗಡಿಗೆಯ ಪಲ್ಯ ಬಡಿಸಿ, "ಊಟ ಮುಗಸಪಾ ಮೊದಲ" ಎಂದಳು. ಅಪ್ಪ ಮತ್ತೆ ಕೂತು ಉಂಡ. ಅವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೊಬ್ಬಳೇ ಕಂಡೆ.

ಎಂಟು ದಿನ. ನನಗೆ ಆ ಎಂಟು ದಿನಗಳ ಒಂದೊಂದು ತಾಸೂ ನೆನಪಿದೆ, ಯಾಕೆಂದರೆ ಆ ಎಂಟು ದಿನಗಳಲ್ಲಿ ನಾನು ಯಾರು ಎಂಬುದು ನನಗೆ ಗೊತ್ತಾಯಿತು. ಅಪ್ಪ ಮುಂದಿನ ಖೋಲಿಯ ಕುರ್ಚಿಯನ್ನು ಹೊರಗಿಟ್ಟು, ಬೆಳಕಿರುವಲ್ಲೇ ಚಾಪೆ ಹಾಸಿದ. ನನ್ನನ್ನು ಶಾಲೆ ಬಿಡಿಸಲಿಲ್ಲ. ಶಾಲೆಗೆ ಮುಂಚೆ ಒಂದು ಪಾಳಿ, ಬಂದ ಮೇಲೆ ಒಂದು ಪಾಳಿ. ಮೊದಲ ನಾಲ್ಕು ಮೋಟಾರಿಗೆ ನಾನು ಕಾಗದ ಕೂಡಿಸಿದೆ, ಅಪ್ಪ ಕಟ್ಟಿದ. ಐದನೆಯದಕ್ಕೆ ಅರ್ಧ ಸುರುಳಿ ನಾನು ಇಳಿಸಿದೆ. ದೊಡ್ಡಪ್ಪ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ಕೈಮುಗಿದು ತಪ್ಪೊಪ್ಪಿಕೊಂಡ. ಒಬ್ಬಿಬ್ಬರು ಬೈದರು, ಉಳಿದವರು ಚಹಾ ಕುಡಿದು ಹೋದರು. ವೀರೇಶಣ್ಣ ಎರಡು ದಿನ ಸುತ್ತಮುತ್ತ ಸುಳಿದಾಡಿ ಮೂರನೇ ದಿನ ನನ್ನ ಎದುರು ಕೂತ.

"ನಾ ಏನು ಮಾಡಲಿ ಹೇಳು."

"ತಂತಿ ಹಿಡಿ. ಬಿಗಿ ಹಿಡಿಬ್ಯಾಡ, ಸಡಿಲೂ ಬಿಡಬ್ಯಾಡ. ನಾ ನಿಂದ್ರು ಅಂದ್ರ ನಿಂದ್ರು."

ಅವನು ಹಿಡಿದ. ಚೆನ್ನಾಗಿ ಹಿಡಿದ. ಅವನಿಗೂ ಅದು ಬರುತ್ತದೆ ಎಂದು ಅವತ್ತು ತಿಳಿಯಿತು. ಆಟದಲ್ಲಿ ಅವನು ಅದನ್ನು ಎಂದೂ ಮಾಡಿ ನೋಡಿರಲಿಲ್ಲ ಅಷ್ಟೇ. ವರ್ಷಗಳು ಕಳೆದು ಇವತ್ತು ನನ್ನ ಕೈಕೆಳಗೆ ಆರು ಜನ ಮೋಟಾರು ಕಟ್ಟುವವರಿದ್ದಾರೆ, ಅವರಲ್ಲಿ ಮೂವರು ಹೆಣ್ಣುಮಕ್ಕಳು. ಹೊಸದಾಗಿ ಬಂದವರಿಗೆ ನಾನು ಮೊದಲ ತಿಂಗಳು ತಂತಿ ಹಿಡಿಯುವುದನ್ನೇ ಕಲಿಸುತ್ತೇನೆ. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ಅಂಥವರು ಬಿಟ್ಟುಹೋಗುತ್ತಾರೆ, ನಾನು ತಡೆಯುವುದಿಲ್ಲ.

ಕೊನೆಗೆ ಉಳಿದದ್ದು ದುರುಗಪ್ಪನ ಮೋಟಾರು. ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಅದೇ, ಅದಕ್ಕೇ ಹೊತ್ತು ಬೇಕೆಂದು ಅಪ್ಪ ಹಿಂದಿಟ್ಟಿದ್ದ. ಅಪ್ಪ ಅದನ್ನು ನನ್ನ ಮುಂದೆ ಸರಿಸಿದ.

"ಇದು ನಿಂದು."

"ಯಪ್ಪಾ, ತಪ್ಪಿದ್ರ ಅವನ ಗಿಡ ಒಣಗತಾವ."

"ಅದಕ್ಕ ತಪ್ಪಬ್ಯಾಡ."

ಎರಡು ದಿನ ಹಿಡಿಯಿತು. ಒಮ್ಮೆ ಸುತ್ತಿನ ಲೆಕ್ಕ ತಪ್ಪಿ ನಾನೇ ಬಿಚ್ಚಿದೆ. ಅಪ್ಪ ನನ್ನ ಪಕ್ಕದಲ್ಲಿ ಕೂತು ಕಾಗದ ಕತ್ತರಿಸಿ ಕೊಟ್ಟ, ಬಿದಿರು ಸೀಳಿ ಕೊಟ್ಟ, ಕೇಳಿದಾಗ ಕತ್ತರಿ ಕೊಟ್ಟ. ಕೇಳದೆ ಒಂದು ಮಾತೂ ಆಡಲಿಲ್ಲ. ವಾರ್ನಿಷ್ ಹಾಕಿ, ಬಿಸಿಲಿಗಿಟ್ಟು ಒಣಗಿಸಿ, ಎಂಟನೇ ದಿನ ಮುಂಜಾನೆ ದುರುಗಪ್ಪನ ಟ್ರ್ಯಾಕ್ಟರಿನಲ್ಲಿ ನಾನು, ಅಪ್ಪ, ವೀರೇಶಣ್ಣ ಮೂವರೂ ಮಸ್ಕಿ ಹಳ್ಳದ ದಂಡೆಗೆ ಹೋದೆವು. ಮೆಣಸಿನಗಿಡಗಳು ತಲೆ ಬಾಗಿಸಿದ್ದವು, ಬದುವಿನ ಮೇಲೆ ಬಿಳಿ ಹೂವು ಉದುರಿ ಬಿದ್ದಿದ್ದವು. ಮೋಟಾರನ್ನು ಪಂಪಿಗೆ ಕೂಡಿಸಿ, ಬೋಲ್ಟು ಬಿಗಿದು, ವೈರು ಕೊಟ್ಟು ಅಪ್ಪ ಹಿಂದೆ ಸರಿದ. ದುರುಗಪ್ಪ ಮೋಟಾರನ್ನು ಒಂದು ಸುತ್ತು ಹಾಕಿ ನೋಡಿದ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಖರೇ ಹೇಳು ಶರಣಪ್ಪ. ನೀನ ಕಟ್ಟೀಯೋ, ಯಾರ ಕೈಯಾಗರ ಕಟ್ಟಿಸೀಯೋ?"

"ನಾ ಕಟ್ಟಿಲ್ಲ," ಎಂದ ಅಪ್ಪ. "ನನ್ನ ಮಗಳು ಕಟ್ಯಾಳ. ನಾ ಬಾಜೂಕ ಕುಂತು ಕಾಗದ ಕತ್ತರಿಸಿ ಕೊಟ್ಟೀನಿ, ಅಷ್ಟ."

ದುರುಗಪ್ಪ ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ಬೆರಳಿನ ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು.

"ಹಂಗಾದ್ರ ಆಕೀನ ಚಾಲೂ ಮಾಡ್ಲಿ."

ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ. ಮೋಟಾರು ಒಮ್ಮೆ ಗುಂಯ್ ಎಂದು ಎಳೆದು, ಸ್ವರ ಹಿಡಿಯಿತು. ಪೈಪಿನ ಬಾಯಿ ಮೊದಲು ಗಾಳಿ ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ನೀರು ಬಂತು. ದುರುಗಪ್ಪ ಚಪ್ಪಲಿ ಬಿಟ್ಟು ಕಾಲುವೆಗೆ ಇಳಿದು ಗುದ್ದಲಿಯಿಂದ ಮಣ್ಣು ಸರಿಸುತ್ತ ನೀರಿನ ಹಿಂದೆ ಓಡಿದ. ವೀರೇಶಣ್ಣ ಅವನ ಹಿಂದೆ ಓಡಿದ. ಅಪ್ಪ ನೀರಿನ ಕಡೆ ನೋಡಲಿಲ್ಲ. ಮೋಟಾರಿನ ಮೈಮೇಲೆ ಅಂಗೈ ಇಟ್ಟು ಬಹಳ ಹೊತ್ತು ಬಿಸಿ ಪರೀಕ್ಷೆ ಮಾಡಿದ; ಕಟ್ಟಿದ್ದು ತಪ್ಪಿದ್ದರೆ ಮೋಟಾರಿನ ಮೈ ಬೇಗ ಕಾಯುತ್ತದೆ. ಆಮೇಲೆ ಕೈ ತೆಗೆದು, ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ನಾನು ಹೋಗಿ ಅಂಗೈ ಇಟ್ಟೆ. ತಣ್ಣಗಿತ್ತು.